ಬಚ್ಚಲಿನ ಎಡಗೋಡೆ

ನಮ್ಮ ಅಕ್ಕ ವಿಮಲಮ್ಮನನ್ನು ಯಾರ ಮನೆಯ ಬಗ್ಗೆ ಕೇಳಿದರೂ ಮೊದಲು ಬಚ್ಚಲಿನ ವರದಿ ಕೊಡುತ್ತಾಳೆ. ಅವಳನ್ನು ಆಲ್ದೂರಿಗೆ ಕೊಟ್ಟು ಮೂವತ್ತು ವರ್ಷವಾಯಿತು. ಅಷ್ಟರಲ್ಲಿ ನೆಂಟರ ಪೈಕಿ ಎಷ್ಟು ಸಂಬಂಧ ಕುದುರಿಸಿದ್ದಾಳೋ ಎಷ್ಟು ಮುರಿದಿದ್ದಾಳೋ, ಎಲ್ಲದಕ್ಕೂ ಬಚ್ಚಲೇ ಆಧಾರ. ಹಾಗಾಗಿ ಆ ಮಂಗಳವಾರ ಅವಳು ಫೋನ್ ಮಾಡಿ, "ಶಶಿ, ಭಾನುವಾರ ಹನ್ನೊಂದು ಗಂಟೆಗೆ ಕಳಸದವರು ಮನೆ ನೋಡೋಕೆ ಬರ್ತಾರೆ. ಬಚ್ಚಲು ತೊಳಿ," ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

"ಅವ್ರು ನನ್ನನ್ನ ನೋಡೋಕೆ ಬರೋದೋ, ಬಚ್ಚಲು ನೋಡೋಕೋ?"

"ನಿನ್ನ ಮುಖದಲ್ಲಿ ಇನ್ನೆಂತ ನೋಡೋದಿದೆ ಮಾರಾಯ! ಬಾಗಿಲಿಗೆ ಬಂದ ಕೂಡ್ಲೇ ಕೈಕಾಲು ತೊಳ್ಕೊಳಿ ಅಂತೀವಿ. ಸೀದಾ ಹೋಗೋದೆಲ್ಲಿಗೆ? ಬಚ್ಚಲಿಗೆ. ಅಲ್ಲಿ ಗೋಡೆ ನೋಡಿದ್ರೆ ಮುಗೀತು, ಕಾಫಿ ಕುಡಿಯೋಕೂ ಮನಸ್ಸು ಬರಲ್ಲ. ಆಳುಕಾಳಿಗೆ ಹೇಳ್ಬೇಡ. ನೀನೇ ಕೈಯಾರೆ ತೊಳಿ."

ಆಳಿಗೆ ಹೇಳುವ ಯೋಚನೆ ನನಗೂ ಇರಲಿಲ್ಲ. ಮೂಡಿಗೆರೆಯಿಂದ ಒಂಬತ್ತು ಕಿಲೋಮೀಟರ್ ದೂರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಹಿಡಿಯುವುದು, ಕೆಲಸ ಹಂಚುವುದು, ಧಣಿಗಳ ಬೈಗುಳವನ್ನು ಸ್ವಲ್ಪ ನೀರು ಬೆರೆಸಿ ಮೇಸ್ತ್ರಿಗೆ ದಾಟಿಸುವುದು ನನ್ನ ಉದ್ಯೋಗ. ಇರಲು ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದಾರೆ. ಕರೆದರೆ ಕೆಲಸಕ್ಕೆ ನಲವತ್ತು ಜನ ಬರುತ್ತಾರೆ. ಆದರೆ ನನ್ನ ಬಚ್ಚಲು ತೊಳೆಯಲು ಐದು ವರ್ಷದಿಂದ ನಾನು ಯಾರನ್ನೂ ಬಿಟ್ಟಿಲ್ಲ.

ನನಗೆ ಈ ಸಂಬಂಧ ಬೇಕಾಗಿತ್ತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಗೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬೇಕಾಗಿತ್ತು. ರೇವತಿ ಕಳಸದಲ್ಲಿ ಅಂಗನವಾಡಿ ಟೀಚರ್. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಅವಳಿಗೆ ನಲವತ್ತೆರಡಾಯಿತು. ಹೋದ ವರ್ಷ ತಾಯಿ ತೀರಿಕೊಂಡರು. ಅಕ್ಕ ನಂಬರ್ ಕೊಟ್ಟಿದ್ದರಿಂದ ಒಂದು ಸಲ ಫೋನಿನಲ್ಲಿ ಮಾತಾಡಿದ್ದೆವು. "ಊಟ ಆಯ್ತಾ?" ಎಂದಳು. ಆಯ್ತು ಎಂದೆ. "ಎಂತ ಊಟ?" ಎಂದಳು. ಬೆಳಗಿನ ಅನ್ನಕ್ಕೆ ಮೊಸರು ಹಾಕಿಕೊಂಡೆ ಎಂದು ನಿಜ ಹೇಳಬೇಕಾಯಿತು. ಅವಳು ಉಸ್ ಎಂದಳು, ಅಷ್ಟೇ. ಊಟ ಆಯ್ತಾ ಎಂದು ಕೇಳುವವರು ಬೇಕಾದಷ್ಟಿದ್ದಾರೆ. ಉತ್ತರಕ್ಕೆ ಕಾದು, ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿದವರು ಈ ಐದು ವರ್ಷದಲ್ಲಿ ಇನ್ಯಾರೂ ಇಲ್ಲ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಕೆಲಸ ಮುಗಿಸಿ ಬಂದು, ಬಿಸಿಲಿರುವಾಗಲೇ ಬಚ್ಚಲಿನ ಬಾಗಿಲು ಪೂರ್ತಿ ತೆರೆದು ಬೆಳಕಿನಲ್ಲಿ ನೋಡಿದೆ. ಧಣಿಗಳು ಹಾಕಿಸಿದ ಬಿಳಿ ಟೈಲ್ಸ್ ಬೂದಿ ಬಣ್ಣಕ್ಕೆ ತಿರುಗಿತ್ತು. ಮೊದಲು ಕೆರೆಯ ನೀರು ಬರುತ್ತಿದ್ದಾಗ ಹೀಗಿರಲಿಲ್ಲ. ಬೋರ್‌ವೆಲ್ ಆದ ಮೇಲೆ ಆ ಗಡಸು ನೀರಿಗೆ ಸೋಪಿನ ಜಿಡ್ಡು ಸೇರಿ, ತೊಳೆಯದ ಇಡ್ಲಿ ತಟ್ಟೆಯ ಹಾಗೆ ಗೋಡೆಗೆ ಪದರ ಪದರವಾಗಿ ಹಿಡಿದಿತ್ತು. ಉಗುರಿನಲ್ಲಿ ಕೆರೆದರೆ ಬಿಳಿ ಪುಡಿ ಉದುರುತ್ತಿತ್ತು. ದಿನಾ ಇದರೊಳಗೆ ನಿಂತು ಸ್ನಾನ ಮಾಡಿ, ಶುಚಿಯಾದೆ ಎಂದುಕೊಂಡು ಹೊರಗೆ ಬರುತ್ತಿದ್ದ ನನ್ನ ಬಗ್ಗೆ ನನಗೇ ಸಿಟ್ಟು ಬಂತು.

ಪೇಟೆಯಿಂದ ಆಸಿಡ್ ತರುತ್ತೇನೆ ಎಂದಿದ್ದಕ್ಕೆ ಅಕ್ಕ ಬೈದಿದ್ದಳು. ಟೈಲ್ಸ್ ಸಂದಿನ ಸಿಮೆಂಟ್ ಕಿತ್ತುಬರುತ್ತದೆ, ಹೊಗೆ ಕುಡಿದು ಬಚ್ಚಲಲ್ಲೇ ಬೀಳುತ್ತೀಯ, ಅಡುಗೆ ಸೋಡಾ ಮತ್ತು ಕಂಚಿಕಾಯಿ ಸಾಕು ಎಂದಿದ್ದಳು. ತೋಟದ ಬೇಲಿಯಲ್ಲಿ ಕಂಚಿಕಾಯಿಗೆ ಬರವಿಲ್ಲ. ತಲೆ ಗಾತ್ರದ ಎಂಟು ಕಾಯಿ ಕಿತ್ತು ತಂದು ಹಿಂಡಿದೆ, ಅರ್ಧ ಬಕೆಟ್ ಹುಳಿ ಆಯಿತು.

ಇಲ್ಲಿ ನನ್ನ ಕಸುಬು ನನ್ನ ಕಾಲಿಗೇ ತೊಡರಿತು. ಎರಡು ಪದಾರ್ಥ ಕೊಟ್ಟರೆ ಕೂಡಿಸಿ ಹದ ಮಾಡುವುದೊಂದೇ ನನಗೆ ಗೊತ್ತು. ಮಳೆ ಹಿಡಿಯುವ ಮೊದಲು ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಮೈಲುತುತ್ತದ ನೀರಿಗೆ ಸುಣ್ಣದ ನೀರು ಸೇರಿಸಿ, ಬ್ಲೇಡು ಅದ್ದಿ ನೋಡಿ, ಹುಳಿ ಪೂರ್ತಿ ಸತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಸ್ಪ್ರೇಯರಿಗೆ ತುಂಬಿಸುವುದು. ಇಲ್ಲದಿದ್ದರೆ ಎಲೆ ಸುಡುತ್ತದೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಕಂಚಿ ರಸಕ್ಕೆ ಒಂದು ಪೊಟ್ಟಣ ಸೋಡಾ ಸುರಿದೆ. ಬಕೆಟ್ ಉಕ್ಕಿ ಕಾಲಿನ ಮೇಲೆಲ್ಲ ನೊರೆ ಹರಿಯಿತು. ಉಕ್ಕುವುದು ನಿಲ್ಲುವವರೆಗೂ ಇನ್ನಷ್ಟು ಸೋಡಾ ಹಾಕಿ, ನಾಲಿಗೆಗೆ ಮುಟ್ಟಿಸಿ ಹುಳಿ ಹೋಗಿದೆ ಎಂದು ನೋಡಿ, ಕೈ ಸ್ಪ್ರೇಯರಿಗೆ ತುಂಬಿಸಿ ಗೋಡೆಗೆ ಹೊಡೆದೆ. ಅರ್ಧ ಗಂಟೆ ಉಜ್ಜಿದೆ. ಗೋಡೆ ಇದ್ದ ಹಾಗೇ ಇತ್ತು.

ಅಕ್ಕನಿಗೆ ಫೋನ್ ಮಾಡಿದರೆ ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಬಂತು.

"ಹುಳಿ ಸತ್ತ ಮೇಲೆ ಅದು ಬರೀ ನೀರು ಕಣೋ! ಗೋಡೆಗೆ ಬೋರ್ಡೋ ಹೊಡ್ದ್ಯಾ? ಕೊಳೆರೋಗ ಬಂದಿತ್ತಾ ಗೋಡೆಗೆ?"

"ನೀನು ಸರಿಯಾಗಿ ಹೇಳ್ಬೇಕಿತ್ತು."

"ಹೇಳ್ತೀನಿ ಕೇಳು. ಮೊದ್ಲು ಬಿಸಿನೀರು ಎರಚು. ಆಮೇಲೆ ಸೋಡಾಕ್ಕೆ ಚೂರೇ ಚೂರು ನೀರು ಹಾಕಿ, ದೋಸೆಹಿಟ್ಟಿಗಿಂತ ಗಟ್ಟಿ ಕಲಸಿ ಬಳಿ. ಹತ್ತು ನಿಮಿಷ ಬಿಟ್ಟು ತೆಂಗಿನ ನಾರಲ್ಲಿ ಉಜ್ಜಿ ತೊಳಿ. ಅದೆಲ್ಲ ಹೋದ ಮೇಲೆ ಕಂಚಿ ರಸ ಬೆಚ್ಚಗೆ ಮಾಡಿ ಹಚ್ಚು, ಅರ್ಧ ಗಂಟೆ ಮುಟ್ಬೇಡ. ಆಮೇಲೆ ಉಜ್ಜು. ಕೊನೇಲಿ ಒಣಬಟ್ಟೇಲಿ ಒರೆಸ್ಬೇಕು, ಅದನ್ನ ಮರೀಬೇಡ. ಎಲ್ಲಾ ಗೋಡೆನೂ ತೊಳೀಬೇಕು, ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ಮತ್ತೆ ಬೇಲಿಗೆ ಹೋಗಿ ಕಂಚಿಕಾಯಿ ಕಿತ್ತು ತಂದೆ. ಕತ್ತಲಾಗುವುದರೊಳಗೆ ಬಲಗೋಡೆ, ಹಿಂದಿನ ಗೋಡೆ, ನೆಲ ಮೂರೂ ಮುಗಿದವು. ಅಕ್ಕ ಹೇಳಿದ ಹಾಗೆ ಮಾಡಿದರೆ ಕಷ್ಟವೇನಿರಲಿಲ್ಲ. ಜಿಡ್ಡು ಮೊದಲು ಮೆತ್ತಗಾಗಿ, ಆಮೇಲೆ ಹಾಲಿನ ಕೆನೆಯ ಹಾಗೆ ಸರಿದು ಬಂತು. ಒರೆಸಿದ ಮೇಲೆ ಟೈಲ್ಸ್‌ನಲ್ಲಿ ನನ್ನ ಹೊಟ್ಟೆ ಕಾಣಿಸುವಷ್ಟು ಹೊಳಪು ಬಂತು.

ಎಡಗೋಡೆಯನ್ನು ಬೆಳಗ್ಗೆ ನೋಡೋಣ ಎಂದು ಬಿಟ್ಟೆ. ತೋಳು ನೋಯುತ್ತಿದೆ ಎಂದು ನೆಪ ಹೇಳಿಕೊಂಡೆ. ತೋಳು ನೋಯುತ್ತಿದ್ದುದೂ ಹೌದು.

ಎಡಗೋಡೆಯಲ್ಲಿ, ನಲ್ಲಿಯ ಮೇಲ್ಗಡೆ, ನನ್ನ ಎದೆಯ ಎತ್ತರಕ್ಕೆ ಮೇಘಶ್ರೀಯ ಮೂರು ಬೊಟ್ಟುಗಳಿದ್ದವು. ಮೇಘಶ್ರೀ ನನ್ನ ಹೆಂಡತಿ. ಎಲ್ಲ ಹೆಂಗಸರ ಹಾಗೆ ಅವಳೂ ಸ್ನಾನಕ್ಕೆ ಹೋದವಳು ಹಣೆಯ ಸ್ಟಿಕ್ಕರ್ ತೆಗೆದು ಗೋಡೆಗೆ ಅಂಟಿಸುತ್ತಿದ್ದಳು. ಎಲ್ಲ ಹೆಂಗಸರ ಹಾಗೆ ಅಲ್ಲೇ ಮರೆತು ಬಂದು ಹೊಸದು ಹಚ್ಚಿಕೊಳ್ಳುತ್ತಿದ್ದಳು. ನಾನು ರೇಗುತ್ತಿದ್ದೆ. "ಗೋಡೆಗೆ ಯಾಕೆ ಮುತ್ತೈದೆ ಅಲಂಕಾರ ಮಾರಾಯ್ತಿ?" ಎಂದು ತಿಂಗಳಿಗೊಮ್ಮೆ ಉಗುರಿನಿಂದ ಕೆರೆದು ಎಲ್ಲವನ್ನೂ ಬಿಸಾಡುತ್ತಿದ್ದೆ. ಅವಳು ನಗುತ್ತಿದ್ದಳು. ಮರುದಿನ ಬೆಳಗ್ಗೆ ಒಂದು ಅಲ್ಲಿರುತ್ತಿತ್ತು. ಹಾಗೆ ಎಷ್ಟು ಬಿಸಾಡಿದ್ದೇನೋ. ಈಗ ಒಂದೊಂದೂ ಬೇಕು ಅನ್ನಿಸುತ್ತದೆ.

ಈ ಮೂರು ಕೊನೆಯ ವಾರದವು. ಕಾಮಾಲೆ ಎಂದು ನಾಟಿ ಔಷಧಿ ಕುಡಿಸಿ, ಗುಣವಾಗದೆ ಮಂಗಳೂರಿಗೆ ಕರೆದುಕೊಂಡು ಹೋಗುವ ದಿನವೂ ಅವಳು ಸ್ನಾನ ಮಾಡಿಯೇ ಹೊರಟಿದ್ದಳು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದಳು. ನಾನು ಒಬ್ಬನೇ ಮನೆಗೆ ಬಂದು, ಸೂತಕದ ಸ್ನಾನಕ್ಕೆಂದು ಬಚ್ಚಲಿಗೆ ಹೋದಾಗ ಮೂರೂ ನನ್ನನ್ನು ನೋಡುತ್ತಿದ್ದವು. ಆವತ್ತು ನಾನು ಬಚ್ಚಲಲ್ಲೇ ಕುಳಿತು ಅತ್ತೆ. ಆಮೇಲೆ ಆ ಗೋಡೆಯನ್ನು ಮುಟ್ಟಲಿಲ್ಲ. ಒಂದು ಗೋಡೆ ಬಿಟ್ಟು ಉಳಿದದ್ದನ್ನು ತೊಳೆಯುವುದು ಹೇಗೆ ಎಂದು ಯಾವುದನ್ನೂ ತೊಳೆಯಲಿಲ್ಲ. ವರ್ಷ ಕಳೆದ ಹಾಗೆ ಜಿಡ್ಡು ಅವುಗಳನ್ನೂ ಮುಚ್ಚಿತು. ನನಗೆ ಅದು ಅನುಕೂಲವೇ ಆಯಿತು. ಕಣ್ಣಿಗೆ ಬೀಳುತ್ತಿರಲಿಲ್ಲ, ಆದರೆ ಇವೆ ಎಂದು ಗೊತ್ತಿರುತ್ತಿತ್ತು.

ಭಾನುವಾರ ಆರು ಗಂಟೆಗೆ ಎದ್ದು ನೋಡಿದರೆ ಎಡಗೋಡೆಯೊಂದೇ ಕೊಳಕಾಗಿ ಎದ್ದು ಕಾಣುತ್ತಿತ್ತು. ಬಿಡುವ ಹಾಗಿರಲಿಲ್ಲ. ಬೊಟ್ಟುಗಳ ಸುತ್ತ ಅಂಗೈಯಗಲ ಜಾಗ ಬಿಟ್ಟು ಉಳಿದದ್ದನ್ನು ಉಜ್ಜಿದೆ. ಅದು ಇನ್ನೂ ಕೆಟ್ಟದಾಗಿ, ಗೋಡೆಗೆ ತೊನ್ನು ಹತ್ತಿದ ಹಾಗೆ ಕಂಡಿತು. ಕೊನೆಗೆ ಹಳೆಯ ಟೂತ್‌ಬ್ರಷ್ ತಂದು, ಒಂದೊಂದು ಬೊಟ್ಟಿನ ಅಂಚಿನವರೆಗೂ ಉಸಿರು ಬಿಗಿಹಿಡಿದು ಉಜ್ಜತೊಡಗಿದೆ. ಮೇಲಿನಿಂದ ಇಳಿದ ಕಂಚಿ ರಸ ಬೊಟ್ಟುಗಳ ಮೇಲೂ ಹರಿಯಿತು. ಬಿಳಿ ಪೊರೆ ಕರಗಿ, ನಾನು ನೋಡುತ್ತಿದ್ದಂತೆಯೇ ಮಕಮಲ್ಲಿನ ಕುಂಕುಮ ಬಣ್ಣ ನಿನ್ನೆ ಹಚ್ಚಿದಷ್ಟು ಹೊಸದಾಗಿ ಎದ್ದು ಬಂತು.

ತೆಗೆಯಬೇಕು ಎಂದು ನನಗೆ ಗೊತ್ತಿತ್ತು. ಇನ್ನೊಬ್ಬಳು ಬಂದು ಕಾಲು ತೊಳೆಯುವ ಜಾಗ ಅದು. ಹೆಬ್ಬೆರಳಿನ ಉಗುರನ್ನು ಮೊದಲ ಬೊಟ್ಟಿನ ಅಂಚಿಗೆ ಇಟ್ಟೆ. ಆಗಲಿಲ್ಲ, ಕೈ ತೆಗೆದೆ. ಇನ್ನೊಮ್ಮೆ ಇಟ್ಟೆ. ಹೀಗೆ ಎಷ್ಟು ಹೊತ್ತಾಯಿತೋ. ಕೊನೆಗೆ, ಮೊದಲು ಗೋಡೆಯನ್ನಾದರೂ ತೊಳೆದುಬಿಡೋಣ ಎಂದು ಒಂದು ಚೊಂಬು ಬಿಸಿನೀರು ಎರಚಿದೆ. ಅಂಚು ಸಡಿಲವಾಗಿದ್ದ ಆ ಬೊಟ್ಟು ನೀರಿನ ಜೊತೆಗೇ ಜಾರಿ ನೆಲಕ್ಕೆ ಬಿತ್ತು. ನಾನು ಬಗ್ಗುವಷ್ಟರಲ್ಲಿ ಹರಿದು ಜಾಲರಿಯ ತೂತಿನೊಳಗೆ ಹೋಯಿತು.

ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಜಾಲರಿ ಕಿತ್ತು, ಹೊಟ್ಟೆಯ ಮೇಲೆ ಮಲಗಿ, ಮೊಣಕೈವರೆಗೆ ಕೈ ಹಾಕಿ ಹುಡುಕಿದೆ. ಕೂದಲು, ಲೋಳೆ, ಸವೆದ ಸೋಪಿನ ಚೂರು ಬಂದವು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಬೊಟ್ಟು ಸಿಗಲಿಲ್ಲ. "ಮೇಘಾ, ಮೇಘಾ," ಎಂದು ಬಾಯಲ್ಲಿ ಬರುತ್ತಿತ್ತು. ಹೊರಗೆ ಜೀಪು ನಿಂತ ಸದ್ದಾದಾಗ ಕೈ ಇನ್ನೂ ತೂತಿನೊಳಗಿತ್ತು. ಹನ್ನೊಂದು ಎಂದವರು ಹತ್ತೂಕಾಲಕ್ಕೇ ಬಂದಿದ್ದರು.

ಜಾಲರಿ ಮುಚ್ಚಿ, ಮೈ ಒರೆಸಿಕೊಂಡು, ಸಿಕ್ಕಿದ ಅಂಗಿ ಹಾಕಿಕೊಂಡು ಓಡಿದೆ. ರೇವತಿಯ ಅಣ್ಣ ಪುಟ್ಟಸ್ವಾಮಿಯವರು ಅಂಗಳದಲ್ಲಿ ನಿಂತಿದ್ದರು. ನನಗಿಂತ ಆರೇಳು ವರ್ಷ ದೊಡ್ಡವರು, ಬಿಳಿ ಪಂಚೆ, ಗಂಭೀರ ಮುಖ. ಹಿಂದೆ ಅವಳು. ಫೋಟೋದಲ್ಲಿ ಕಂಡಿದ್ದಕ್ಕಿಂತ ಎತ್ತರ. ಹಣೆಯಲ್ಲಿ ಸಾಸಿವೆಯಷ್ಟು ಚಿಕ್ಕ ಕಪ್ಪು ಬೊಟ್ಟು.

"ಕೊಟ್ಟಿಗೆಹಾರದಲ್ಲಿ ಬಸ್ ಇಳಿದ ಕೂಡ್ಲೇ ಈ ಕಡೆಗೆ ಬಾಡಿಗೆ ಜೀಪು ಸಿಕ್ತು ನೋಡಿ," ಎಂದರು ಪುಟ್ಟಸ್ವಾಮಿಯವರು. "ಬೇಗ ಆಯ್ತೇನೋ."

"ಇಲ್ಲ ಇಲ್ಲ. ಬನ್ನಿ. ಕೈಕಾಲು ತೊಳ್ಕೊಳಿ," ಎಂದೆ. ಬೇರೆ ಏನೂ ನನ್ನ ಬಾಯಿಗೆ ಬರಲಿಲ್ಲ.

ಮೊದಲು ಪುಟ್ಟಸ್ವಾಮಿಯವರು ಬಚ್ಚಲಿಗೆ ಹೋದರು. ನಾನು ಕಾಫಿಗೆ ನೀರು, ಹಾಲು ಇಟ್ಟೆ. ರೇವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಎಂತ ಕಂಚಿಕಾಯಿ ವಾಸನೆ! ಉಪ್ಪಿನಕಾಯಿ ಹಾಕಿದ್ರಾ?" ಎಂದಳು. ಅವಳ ದನಿ ಈ ಗೋಡೆಗಳ ನಡುವೆ ಚೆನ್ನಾಗಿ ಕೇಳಿಸುತ್ತಿತ್ತು. ಅಷ್ಟರಲ್ಲಿ ಅವಳ ಅಣ್ಣ ಹೊರಗೆ ಬಂದರು. ಕಾಲು ಒಣಗಿಯೇ ಇತ್ತು.

"ರೇವತಿ, ಹೊರಡೋಣ."

"ಯಾಕಣ್ಣ?"

ಅವರು ನನ್ನ ಕಡೆ ತಿರುಗಿದರು. "ಒಬ್ನೇ ಇರೋದು ಅಂತ ನಿಮ್ಮ ಅಕ್ಕ ಹೇಳಿದ್ರು. ಸ್ನಾನ ಮಾಡಿ ಬೊಟ್ಟು ಗೋಡೆಗೆ ಅಂಟಿಸಿ ಹೋದವ್ರು ಯಾರು ಹಂಗಾದ್ರೆ? ಗೋಡೆ ಇನ್ನೂ ಹಸಿ ಇದೆ. ಬಚ್ಚಲು ನೋಡಿದ್ರೇ ಗೊತ್ತಾಗುತ್ತೆ, ಗಂಡಸು ಇಟ್ಕೊಂಡಿರೋ ಬಚ್ಚಲಲ್ಲ ಅದು. ಮನೇಲಿ ಹೆಂಗಸು ಇದ್ದಾಳೆ ಅಂದ್ರೆ ಮೊದ್ಲೇ ಹೇಳ್ಬೇಕಿತ್ತು. ನಾವು ಕಳಸದಿಂದ ಬರ್ತಿರ್ಲಿಲ್ಲ."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡು ದಿನ ತಿಕ್ಕಿ ತಿಕ್ಕಿ ನಾನೇ ಈ ಮನೆಗೊಬ್ಬ ಹೆಂಗಸನ್ನು ತಂದು ಕೂರಿಸಿದ್ದೆ. ತೊಳೆಯದೆ ಬಿಟ್ಟಿದ್ದರೆ, ಗಂಡಸು ಒಬ್ಬನೇ ಇದ್ದಾನೆ ಪಾಪ ಎಂದುಕೊಂಡು ಕಾಫಿ ಕುಡಿಯುತ್ತಿದ್ದರು.

"ಅವು ನನ್ನ ಹೆಂಡ್ತಿದು," ಎಂದೆ. "ತೀರಿಕೊಂಡವಳದು. ಐದು ವರ್ಷದಿಂದ ಅಲ್ಲೇ ಇದಾವೆ. ಜಿಡ್ಡು ಮುಚ್ಚಿತ್ತು. ನೀವು ಬರ್ತೀರಿ ಅಂತ ತೊಳೆದೆ, ಎದ್ದು ಕಾಣಿಸ್ತು. ಬೇರೆ ಯಾರೂ ಇಲ್ಲ. ಬೇಕಾದ್ರೆ ಆಳುಗಳ ಲೈನ್ ಮನೆಗಳಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಪುಟ್ಟಸ್ವಾಮಿಯವರ ಮುಖ ಇಳಿಯಿತು. ಅವರು ಕೆಟ್ಟವರಲ್ಲ. "ಛೆ, ತಪ್ಪು ತಿಳ್ಕೊಂಡೆ ಮಾರಾಯ," ಎಂದು ಬೆಂಚಿನ ಮೇಲೆ ಕುಳಿತರು. ರೇವತಿ ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಂತು, ನಿಂತಿತು. ಅದಾದ ಮೇಲೂ ಅವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಬಂದವಳು ಸೀದಾ ಅಡುಗೆಮನೆಗೆ ಬಂದು, ಬಟ್ಟೆ ಹುಡುಕಿ, ಉಕ್ಕಿದ ಹಾಲನ್ನು ಒರೆಸಿದಳು. ಮೂರು ಲೋಟಕ್ಕೆ ಕಾಫಿ ಬಗ್ಗಿಸಿದಳು. ಅವಳು ಹಾಗೆ ಕೇಳದೆಯೇ ಕೆಲಸಕ್ಕೆ ಕೈಹಾಕಿದ್ದು ನೋಡಿ ನನಗೆ ಎದೆ ತುಂಬಿ ಬಂತು. ಇವಳು ಇಲ್ಲಿರಬೇಕು ಎಂದು ನಾನು ದೇವರನ್ನು ಬೇಡಿಕೊಂಡೆ, ಸುಳ್ಳಲ್ಲ.

"ಒಂದು ಕೇಳ್ಲಾ?" ಎಂದಳು, ದನಿ ತಗ್ಗಿಸಿ.

"ಕೇಳಿ."

"ನಾನು ಬಂದ್ರೆ, ಸ್ನಾನಕ್ಕೆ ಹೋದಾಗ ನನ್ನ ಬೊಟ್ಟು ಎಲ್ಲಿ ಅಂಟಿಸ್ಲಿ?"

ಯೋಚಿಸಿ ಹೇಳಿದ್ದರೆ ಏನು ಹೇಳುತ್ತಿದ್ದೆನೋ. ಸುಳ್ಳನ್ನಾದರೂ ಹೇಳಬಹುದಿತ್ತು, ಇವತ್ತೇ ತೆಗೆದುಬಿಡುತ್ತೇನೆ ಎನ್ನಬಹುದಿತ್ತು. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು.

"ಬಲಗೋಡೆ ಪೂರ್ತಿ ಖಾಲಿ ಇದೆಯಲ್ಲ."

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಅಂಗನವಾಡಿಯಲ್ಲಿ ತಪ್ಪು ಉತ್ತರ ಹೇಳಿದ ಮಗುವನ್ನು ಅವಳು ಹಾಗೇ ನೋಡುತ್ತಿದ್ದಳೇನೋ. ಆಮೇಲೆ ತಲೆಯಾಡಿಸಿ, ಒಂದು ಲೋಟ ಅಣ್ಣನಿಗೆ ಕೊಟ್ಟು, ತಾನೂ ಕುಳಿತು, ಕಾಫಿಯನ್ನು ಪೂರ್ತಿ ಕುಡಿದಳು. ಅವಳು ಅರ್ಧಕ್ಕೆ ಎದ್ದು ಹೋಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಪುಟ್ಟಸ್ವಾಮಿಯವರು ಈ ಸಲದ ಅರೇಬಿಕಾ ಹೇಗೆ, ಕುಯ್ಲಿಗೆ ಜನ ಸಿಗ್ತಾರಾ ಎಂದೆಲ್ಲ ಕೇಳಿದರು. ನಾನು ಹೇಳಿದೆ. ಹೊರಡುವಾಗ, "ಯೋಚ್ನೆ ಮಾಡಿ ತಿಳಿಸ್ತೀವಿ," ಎಂದು ಜೀಪಿನ ಕಡೆ ಹೋದರು.

ರೇವತಿ ಅಂಗಳದಲ್ಲಿ ಒಂದು ಗಳಿಗೆ ನಿಂತಳು.

"ಅಣ್ಣ ಹೇಳಿದ್ದು ತಪ್ಪೇನಲ್ಲ," ಎಂದಳು. "ಈ ಮನೇಲಿ ಹೆಂಗಸು ಇದ್ದಾರೆ. ಒಳ್ಳೇವ್ರೇ ಇರ್ಬೇಕು. ಬೇಜಾರು ಮಾಡ್ಕೋಬೇಡಿ. ರಾತ್ರಿಗೆ ಬಿಸಿ ಅನ್ನ ಮಾಡ್ಕೊಳಿ."

ಜೀಪು ಗೇಟು ದಾಟಿ ಹೋಯಿತು. ಓಡಿ ಹೋಗಿ ಅಡ್ಡ ನಿಲ್ಲಬೇಕು ಅನ್ನಿಸಿತು. ನಿಂತು ಹೇಳುವುದೇನು? ಉಳಿದೆರಡನ್ನೂ ತೆಗೆಯುತ್ತೇನೆ ಎಂದೇ? ಮೊಣಕೈವರೆಗೆ ಕೈ ಹಾಕಿ ಹುಡುಕಿದ ವಾಸನೆ ಇನ್ನೂ ನನ್ನ ಕೈಯಲ್ಲಿತ್ತು. ಅಂಗಳದಲ್ಲೇ ಉಳಿದೆ.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು.

"ಏನಂದ್ರೋ? ಬಚ್ಚಲು ನೋಡಿದ್ರಾ?"

"ನೋಡಿದ್ರು. ಚೆನ್ನಾಗಿದೆ ಅಂದ್ರು."

"ಮತ್ತೆ?"

"ಆಗಲ್ಲ ಅಕ್ಕ ಇದು."

ಅವಳು ಕೇಳಿದಳು, "ಮೇಘಶ್ರೀ ಬೊಟ್ಟು ತೆಗೀಲಿಲ್ವೇನೋ?"

"ನಿಂಗೆ ಹೆಂಗೆ ಗೊತ್ತು?"

"ತಿಥಿಗೆ ಬಂದಾಗ ನೋಡಿದ್ದೆ. ವರ್ಷಕ್ಕೆ ಬಂದಾಗ್ಲೂ ನೋಡಿದೆ. ನಾನು ತೆಗೀಬಹುದಿತ್ತು, ನಿಂಗೆ ನೋವಾಗುತ್ತೆ ಅಂತ ಬಿಟ್ಟೆ. ಅದಕ್ಕೇ ಕಣೋ ಆಳಿಗೆ ಹೇಳ್ಬೇಡ, ನೀನೇ ತೊಳಿ ಅಂದಿದ್ದು. ಕಳಸದವ್ರಿಗೆ ಬಚ್ಚಲು ಹೆಂಗಿದ್ರೆ ನನಗೇನು? ನಿನ್ನ ಕೈಯಾರೆ ಒಂದ್ಸಲ ತೆಗೆದ್ರೆ ನಿಂಗೆ ದಾರಿ ಬಿಡುತ್ತೆ ಅಂದ್ಕೊಂಡೆ."

ಇಷ್ಟು ವರ್ಷ ಬೈದು, ನಕ್ಕು, ಗೇಲಿ ಮಾಡಿದವಳು ಫೋನಿನ ಆ ಕಡೆ ಅಳುತ್ತಿದ್ದಳು.

"ಈಗಾದ್ರೂ ತೆಗೀತೀಯಾ ಶಶಿ?"

"ಇಲ್ಲ ಅಕ್ಕ," ಎಂದೆ.

"ಹಂಗಾದ್ರೆ ನಾನಿನ್ನು ನಿನ್ನ ಸಂಬಂಧಕ್ಕೆ ಅಂತ ಯಾರಿಗೂ ಹೇಳಲ್ಲ. ಬಂದವ್ರ ಮನಸ್ಸು ನೋಯಿಸ್ಬಾರ್ದು," ಎಂದು ಅವಳು ಫೋನ್ ಇಟ್ಟಳು.

ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಆಮೇಲೆ ನಮ್ಮ ಮನೆಗೆ ಕೈಕಾಲು ತೊಳೆಯಲು ಯಾರೂ ಬರಲಿಲ್ಲ.